ಬಲಬದಿಯ ಸಿಂಹ

ಕಳೆದ ವಾರ ನಮ್ಮ ಮನೆಯ ಕಡೆಯುವ ಕಲ್ಲಿಗೆ ಉಳಿ ಹಾಕಲು ಒಬ್ಬ ಬಂದಿದ್ದ. ಕಲ್ಲು ನುಣುಪಾಗಿ ಹೋಗಿದೆ, ಅಕ್ಕಿ ಎಷ್ಟು ಕಡೆದರೂ ತರಿತರಿಯಾಗಿಯೇ ಉಳಿಯುತ್ತದೆ ಎಂದು ನನ್ನ ಹೆಂಡತಿ ಮೂರು ತಿಂಗಳಿಂದ ಹೇಳುತ್ತಿದ್ದಳು. ಯುದ್ಧ ಮುಗಿದರೂ ಮುಗಿಯದ ಈ ರೇಶನ್ ಅಕ್ಕಿಗೆ ಕಲ್ಲನ್ನು ದೂರಿ ಏನು ಪ್ರಯೋಜನ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಕೊನೆಗೆ ಅವಳೇ ಕಂಕನಾಡಿ ಪೇಟೆಯಲ್ಲಿ ವಿಚಾರಿಸಿ ಅವನನ್ನು ಕರೆಸಿದಳು. ಅಂಗಳದ ಬದಿಯಲ್ಲಿ ಕುಳಿತು ಅವನು ನಾಲ್ಕು ಪೆಟ್ಟು ಹಾಕಿದ್ದೇ ತಡ, ಆ ವಾಸನೆ ಎದ್ದಿತು. ಉಳಿ ಕರಿಕಲ್ಲಿಗೆ ತಾಗಿ ಕಿಡಿ ಹಾರಿ ಆರಿದಾಗ ಬರುವ ಸುಟ್ಟ ವಾಸನೆ. ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಿಂದೆಲ್ಲ ಕಲ್ಲು ಕುಟ್ಟುವವನು ಬರುವ ದಿನ ಏನಾದರೂ ನೆಪ ಹೇಳಿ ಶಾಲೆಯಲ್ಲೇ ಉಳಿಯುತ್ತಿದ್ದೆ. ಪೆನ್ಶನ್ ಆದ ಮೇಲೆ ಆ ಸೌಕರ್ಯವೂ ಹೋಯಿತು.

ಮೊದಲನೆಯ ಯುದ್ಧ ಮುಗಿದು ನಾಲ್ಕಾರು ವರ್ಷ ಆಗಿತ್ತು. ನಾನು ಬಲ್ಮಠದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರು. ಮದರಾಸಿಗೆ ಹೋಗಿ ಪರೀಕ್ಷೆ ಪಾಸು ಮಾಡಿ ಬಂದವನು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದವನು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು ಇರುತ್ತಿತ್ತು. ಊಟಕ್ಕೆ ಕುಳಿತಾಗಲೂ ಇರುತ್ತಿತ್ತು. ಮಕ್ಕಳು ಹಿಂದಿನಿಂದ ಪೆನ್ಸಿಲ್ ಮಾಷ್ಟ್ರು ಎನ್ನುವುದು ಗೊತ್ತಿದ್ದರೂ ಒಳಗೊಳಗೆ ನನಗೆ ಹೆಮ್ಮೆಯೇ.

ಆಗ ಇಟಲಿಯಿಂದ ಹೊಸದಾಗಿ ಬಂದ ಲೊರೆಂಜೊ ಪಾದ್ರಿಗಳು ಗುಡ್ಡದ ಮೇಲೆ ಒಂದು ಚಿಕ್ಕ ಇಗರ್ಜಿ ಕಟ್ಟಿಸುತ್ತಿದ್ದರು. ಗೋಡೆ ಕೆಂಪು ಮುರಕಲ್ಲಿನದು, ಮಾಡು ಹಂಚಿನದು, ಎಲ್ಲ ನಮ್ಮೂರಿನ ಹಾಗೆಯೇ. ಆದರೆ ಮುಂದಿನ ಮಂಟಪಕ್ಕೆ ಮಾತ್ರ ಅವರ ಹುಟ್ಟೂರಿನ ಇಗರ್ಜಿಯಲ್ಲಿ ಇದ್ದಂತೆ ಎರಡು ಕಲ್ಲಿನ ಸಿಂಹ ಬೇಕು, ಅವುಗಳ ಬೆನ್ನ ಮೇಲೆ ಕಂಬ ನಿಲ್ಲಬೇಕು ಎಂದು ಅವರ ಆಸೆ. ಹಳೆಯ ಇಗರ್ಜಿಗಳ ಫೋಟೋಗಳಿದ್ದ ಒಂದು ದಪ್ಪ ಪುಸ್ತಕ ಅವರಲ್ಲಿ ಇತ್ತು. ಎಂಟುನೂರು ವರ್ಷ ಹಿಂದಿನ ಕೆತ್ತನೆಗಳು, ಆ ಶೈಲಿಗೆ ರೋಮನೆಸ್ಕ್ ಎಂದು ಹೆಸರಂತೆ. ಅದರ ಚಿತ್ರಗಳನ್ನು ಚೌಕುಳಿ ಹಾಕಿ ದೊಡ್ಡದು ಮಾಡಿ ಶಿಲ್ಪಿಗಳಿಗೆ ಕೊಡುವುದು ನನ್ನ ಕೆಲಸ. ಪಾದ್ರಿಗಳಿಗೆ ಇಂಗ್ಲಿಷು ಬಿಟ್ಟರೆ ನಾಲ್ಕು ಮಾತು ಕೊಂಕಣಿ ಬರುತ್ತಿತ್ತು. ಶಿಲ್ಪಿಗಳಿಗೆ ತುಳು ಬಿಟ್ಟು ಬೇರೆ ಬಾರದು. ಹಾಗಾಗಿ ನಡುವಿನ ನಾಲಗೆಯೂ ನಾನೇ.

ಶಿಲ್ಪಿಗಳು ಕಾರ್ಕಳದವರು. ಪರಮೇಶ್ವರ ಆಚಾರ್ರು ಮತ್ತು ಅವರ ಒಬ್ಬನೇ ಮಗ ಸೀನ. ಸೀನನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು, ಮದುವೆಯಾಗಿ ಎರಡು ವರ್ಷ. ಸೊಸೆ ದೇವಕಿಯನ್ನೂ ಕರೆದುಕೊಂಡು ಬಂದು ಬೋಳಾರದಲ್ಲಿ ಹೊಳೆಯ ಬದಿಗೆ ಒಂದು ಬಿಡಾರ ಮಾಡಿದ್ದರು. ಕಲ್ಲು ಕಾರ್ಕಳದಿಂದ ಗಾಡಿಯಲ್ಲಿ ಬಂತು, ಒಂದೊಂದು ತುಂಡೂ ಮಲಗಿದ ಕರುವಿನಷ್ಟು ದೊಡ್ಡದು.

ಪುಸ್ತಕ ನೋಡಿ ನನಗೆ ಮೊದಲು ನಗು ಬಂದಿತ್ತು. ಮದರಾಸಿನಲ್ಲಿ ನಾವು ಗ್ರೀಕರ ಸುಣ್ಣದ ಬೊಂಬೆಗಳನ್ನು ನೋಡಿ ಮೂಗು ಬಿಡಿಸಿ ಕಲಿತವರು. ಇಲ್ಲಿ ನೋಡಿದರೆ ಸಂತರ ತಲೆ ಕುಂಬಳಕಾಯಿಯಷ್ಟು, ಕೈ ಮೊರದಷ್ಟು, ಕಣ್ಣು ನೆಟ್ಟ ನೋಟದ್ದು. ಪಾಪ, ಕಲಿಯದವರು ಮಾಡಿದ್ದು ಎಂದುಕೊಂಡು ನನ್ನ ನಕ್ಷೆಯಲ್ಲಿ ಎಲ್ಲವನ್ನೂ ಅಳತೆಗೆ ತಂದೆ. ಸೀನ ನಕ್ಷೆಯನ್ನೂ ಫೋಟೋವನ್ನೂ ಪಕ್ಕದಲ್ಲಿ ಇಟ್ಟು ತುಂಬ ಹೊತ್ತು ನೋಡಿದ. ಆಮೇಲೆ ಮೆಲ್ಲನೆ ಹೇಳಿದ. "ಇವರಿಗೆ ತಪ್ಪಿದ್ದಲ್ಲ ಮಾಷ್ಟ್ರೇ. ನಮ್ಮ ಭೂತದ ಮೂರ್ತಿಗೂ ಕಣ್ಣು ಹೀಗೆಯೇ ಅಲ್ವಾ? ನೋಡಿದವನಿಗೆ ಹೆದರಿಕೆ ಆಗ್ಬೇಕು, ಹತ್ರ ಬರುವ ಮನಸ್ಸೂ ಆಗ್ಬೇಕು. ಅಳತೆಗೆ ತಂದ್ರೆ ಎರಡೂ ಹೋಗ್ತದೆ."

ನಾನು ಇದನ್ನು ಪಾದ್ರಿಗಳಿಗೆ ಹೇಳಿದಾಗ ಅವರು ನನ್ನ ನಕ್ಷೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ನನಗೆ ಮುಖಕ್ಕೆ ಹೊಡೆದಂತಾಯಿತು. ಆದರೆ ಅವರು ಅಂದಿನಿಂದ ದಿನಾ ಸಂಜೆ ಕೆಲಸದ ಚಪ್ಪರದಲ್ಲಿ ಬಂದು ಕುಳಿತು ಮಾತಾಡಲು ಶುರು ಮಾಡಿದರು. ಅವರ ಊರಿನಲ್ಲಿ ಸಿಂಹ ಕೆತ್ತಿದವರು ಸಿಂಹವನ್ನು ಕಂಡವರೇ ಅಲ್ಲವಂತೆ. ಮೂಡಣ ದೇಶಗಳಿಂದ ವ್ಯಾಪಾರಿಗಳು ತಂದ ರೇಷ್ಮೆಯ ಬಟ್ಟೆಯಲ್ಲಿ ನೇಯ್ದ ಸಿಂಹವನ್ನು ನೋಡಿ, ಅದಕ್ಕೆ ತಮ್ಮೂರಿನ ನಾಯಿಯ ಮೈ, ಹೋರಿಯ ಕುತ್ತಿಗೆ ಕೂಡಿಸಿ ಕೆತ್ತಿದ್ದಂತೆ. ಆ ಇಗರ್ಜಿಯ ಬಾಗಿಲ ಕಮಾನಿನ ಮೇಲೆ ವರ್ಷದ ಹನ್ನೆರಡು ತಿಂಗಳ ಕೆಲಸಗಳು ಇದ್ದವು. ಒಬ್ಬ ಒಲೆಯ ಮುಂದೆ ಕಾಲು ಕಾಯಿಸುವುದು, ಒಬ್ಬ ಬಳ್ಳಿ ಸವರುವುದು, ಒಬ್ಬ ಹಂದಿ ಕೊಯ್ಯುವುದು. ಎಲ್ಲ ಊರವರ ಮುಖಗಳೇ. ಕೆಲಸ ಕೊಟ್ಟವನನ್ನೂ ಕೊಡದವನನ್ನೂ ಕಲ್ಲುಕುಟಿಗರು ಎಲ್ಲಾದರೂ ಒಂದು ಮೂಲೆಯಲ್ಲಿ ಕೂರಿಸದೆ ಬಿಡುತ್ತಿರಲಿಲ್ಲ ಎಂದು ಪಾದ್ರಿಗಳು ನಕ್ಕರು. ಆಚಾರ್ರು ನಗಲಿಲ್ಲ. ಸಿಂಹ ನಾವೂ ಕಂಡಿಲ್ಲ, ಅಜ್ಜ ಕೆತ್ತಿದ್ದನ್ನು ಕಂಡಿದ್ದೇವೆ, ನಿಮ್ಮ ಬಟ್ಟೆಯ ಸಿಂಹ ಈ ಕಡೆಯಿಂದಲೇ ಬಂದದ್ದಾದರೆ ಈಗ ಮನೆಗೆ ಹಿಂದೆ ಬಂತು ಎಂದು ಗಂಭೀರವಾಗಿ ಹೇಳಿದರು.

ಒಂದು ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಫೋಟೋದ ಸಿಂಹ ಮುಂಗಾಲುಗಳ ನಡುವೆ ಒಬ್ಬ ಪುಟ್ಟ ಮನುಷ್ಯನನ್ನು ಹಿಡಿದುಕೊಂಡಿತ್ತು, ಬಾಯಿ ಅವನ ತಲೆಯ ಮೇಲಿತ್ತು. ಆಚಾರ್ರು ಕೇಳಿದರು. "ಇದು ಅವನನ್ನು ತಿನ್ನುವುದಾ, ಕಾಯುವುದಾ? ತಿನ್ನುವುದಾದ್ರೆ ಹಲ್ಲು ಬಿಡಿಸ್ಬೇಕು, ಕಾಯುವುದಾದ್ರೆ ನಾಲಗೆ." ಪಾದ್ರಿಗಳು ಗಡ್ಡ ಸವರಿಕೊಂಡರು. ಊರಿನ ಅಜ್ಜಿಯರು ಕಾಯುವುದು ಎನ್ನುತ್ತಾರೆ, ಗುರುಗಳು ಪಾಪಿಯನ್ನು ತಿನ್ನುವುದು ಎನ್ನುತ್ತಾರೆ, ನನಗೆ ಗೊತ್ತಿಲ್ಲ ಎಂದರು. ಸೀನ ಅದಕ್ಕೊಂದು ಉಪಾಯ ಮಾಡಿದ. ಎಡಗಡೆಯಿಂದ ನೋಡಿದರೆ ಹಲ್ಲು ತಲೆಗೆ ತಾಗುವಂತೆ, ಬಲಗಡೆಯಿಂದ ನೋಡಿದರೆ ದನ ಕರುವನ್ನು ನೆಕ್ಕುವಂತೆ ಕೆತ್ತಿದ. ನಡುವಿನ ಮನುಷ್ಯನ ಕೈಗೆ ಒಂದು ಓಲೆಯ ಕೊಡೆ ಕೊಟ್ಟ. ಇದು ಯಾರು ಎಂದು ಪಾದ್ರಿಗಳು ಕೇಳಿದಾಗ ನಾನು ಅಂಜುತ್ತ, ಮಳೆಗಾಲದ ನಡುವಿನ ಆಟಿ ತಿಂಗಳಿನಲ್ಲಿ ಮನೆಮನೆಗೆ ಬಂದು ಕುಣಿದು ರೋಗರುಜಿನ ಓಡಿಸುವ ಕಳೆಂಜ ಎಂದು ವಿವರಿಸಿದೆ. ಇಗರ್ಜಿಯಲ್ಲಿ ಕಳೆಂಜನನ್ನು ಬೇಡ ಎಂದಾರು ಎಂದುಕೊಂಡಿದ್ದೆ. ಅವರು ಸ್ವಲ್ಪ ಯೋಚಿಸಿ, ನಮ್ಮೂರಿನ ಕಮಾನಿನಲ್ಲಿ ಜನವರಿ ತಿಂಗಳಿಗೆ ಎರಡು ಮುಖದ ಹಳೆಯ ದೇವರೊಬ್ಬ ಕುಳಿತಿದ್ದಾನೆ, ಎಂಟುನೂರು ವರ್ಷದಿಂದ ಅವನನ್ನು ಯಾರೂ ಎಬ್ಬಿಸಿಲ್ಲ, ಇವನೂ ಇರಲಿ ಎಂದರು.

ಬೇಸಗೆ ಮುಗಿಯುವ ಮೊದಲು ಎಡಬದಿಯ ಸಿಂಹ ತನ್ನ ಜಾಗದಲ್ಲಿ ಕುಳಿತಿತು. ಕಣ್ಣು ಮಾತ್ರ ಇರಲಿಲ್ಲ. ಮೂರ್ತಿಯನ್ನು ಕೂರಿಸಿದ ಮೇಲೆ, ಕೆಲಸ ಮಾಡಿಸಿದವರು ಹೇಳಿ ಕಳಿಸಿದರೆ ಮಾತ್ರ ಶಿಲ್ಪಿ ಬಂದು ಕಣ್ಣು ಬಿಡಿಸುವುದು ಅವರ ಮನೆತನದ ಕ್ರಮ. ಕರೆಯದೆ ಬಿಡಿಸಿದ ಕಣ್ಣು ಯಾರನ್ನೂ ಗುರುತಿಸುವುದಿಲ್ಲವಂತೆ. ಪಾದ್ರಿಗಳು ತಮ್ಮ ಅಡುಗೆಯವನನ್ನು ಬೋಳಾರಕ್ಕೆ ಅಟ್ಟಿದರು. ಸೀನ ಮಿಂದು ಬಂದು ಎಂಟೇ ಪೆಟ್ಟಿನಲ್ಲಿ ಎರಡು ಕಣ್ಣು ಬಿಡಿಸಿದ. ಆಚಾರ್ರು ತೆಂಗಿನಕಾಯಿ ಒಡೆದರು, ಪಾದ್ರಿಗಳು ಮಂತ್ರಿಸಿದ ನೀರು ಚಿಮುಕಿಸಿದರು. ಯಾರಿಗೂ ಯಾರ ಮೇಲೂ ಆಕ್ಷೇಪ ಇರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಬೆಳಗು ಮತ್ತೆ ಬರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಚಪ್ಪರ ಸೋರಲು ತೊಡಗಿದಾಗ ಎರಡನೆಯ ಕಲ್ಲನ್ನು ಹಂಚಿನ ಮಾಡಿನ ಒಂದು ಉಗ್ರಾಣಕ್ಕೆ ಉರುಳಿಸಿದರು. ಗಾಳಿಮಳೆಗೆ ಬಾಗಿಲು ಕಿಟಕಿ ಹಾಕಿಯೇ ಇರಬೇಕು. ಬಯಲಿನಲ್ಲಿ ಗಾಳಿಗೆ ಹೋಗುತ್ತಿದ್ದ ಕಲ್ಲಿನ ಹುಡಿ ಅಲ್ಲಿ ಹೋಗಲು ದಾರಿಯಿಲ್ಲದೆ ಮಂಜಿನ ಹಾಗೆ ನಿಲ್ಲುತ್ತಿತ್ತು. ಸೀನನಿಗೆ ಮೊದಲೇ ಒಂದು ಕೆಮ್ಮಿತ್ತು, ಕಲ್ಲಿನ ಕೆಲಸದವರಿಗೆ ಅದೆಲ್ಲ ಇರುವುದೇ ಎನ್ನುತ್ತಿದ್ದ. ಉಗ್ರಾಣಕ್ಕೆ ಹೋದ ಮೇಲೆ ಕೆಮ್ಮು ಬಂದರೆ ಉಳಿ ಕೆಳಗಿಟ್ಟು ಗೋಡೆ ಹಿಡಿದು ನಿಲ್ಲುವಷ್ಟಾಯಿತು.

ಇನ್ನು ಬರೆಯುವುದು ನನಗೆ ಸುಲಭವಲ್ಲ. ಒಂದು ಮಧ್ಯಾಹ್ನ ಪಾದ್ರಿಗಳು ಉಗ್ರಾಣದಿಂದ ಮೂಗಿಗೆ ಬಟ್ಟೆ ಹಿಡಿದುಕೊಂಡು ಹೊರಗೆ ಬಂದರು. ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ಈ ಧೂಳಿನಲ್ಲಿ ಕೆಲಸ ಬೇಡ, ಸೀನ ಮನೆಗೆ ಹೋಗಿ ಮಲಗಲಿ, ಮಳೆಗಾಲ ಕಳೆಯಲಿ, ಕ್ರಿಸ್ಮಸ್ಸಿಗೆ ಇಗರ್ಜಿ ತೆರೆಯುವಾಗ ಒಂದೇ ಸಿಂಹ ಇದ್ದರೂ ಸಾಕು, ಇನ್ನೊಂದು ಆಗುವಾಗ ಆಗಲಿ. ಅವರಿಗೆ ಹೀಗೆ ಹೇಳಿ, ಮಾಷ್ಟ್ರೇ. ನಾನು ಆಗಲಿ ಎಂದೆ.

ಹೇಳಲಿಲ್ಲ.

ಏಕೆಂದು ಕೇಳಿದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಇಗರ್ಜಿ ತೆರೆಯುವ ದಿನಕ್ಕೆ ಮದರಾಸಿನ ಚಿತ್ರಕಲಾ ಶಾಲೆಯ ಒಬ್ಬ ದೊಡ್ಡ ಅಧಿಕಾರಿ ಬರುವುದೆಂದು ಮಾತಾಗಿತ್ತು. ಅವರಿಗೆ ನನ್ನ ನಕ್ಷೆಗಳನ್ನು ತೋರಿಸಿ, ಎರಡು ಸಿಂಹಗಳ ನಡುವೆ ನಿಂತು ಒಂದು ಫೋಟೋ ತೆಗೆಸಿಕೊಂಡು, ಮದರಾಸಿನಲ್ಲಿ ಒಂದು ಕೆಲಸ ಗಿಟ್ಟಿಸುವ ಹಂಚಿಕೆ ನನ್ನದು. ಒಂಟಿ ಸಿಂಹದ ಮಂಟಪ ಯಾರಿಗೆ ಬೇಕು? ಮುಂದಿನ ವರ್ಷ ಎಂದರೆ ಪಾದ್ರಿಗಳಿಗೆ ವರ್ಗವಾದೀತು, ಸಿಂಹ ಅಲ್ಲಿಗೇ ನಿಂತೀತು. ಒಂದು ವಾರ ನೋಡೋಣ, ಆಮೇಲೆ ಹೇಳಿದರಾಯಿತು ಎಂದು ನನ್ನನ್ನೇ ನಂಬಿಸಿಕೊಂಡೆ. ಪಾದ್ರಿಗಳು ಅದೇ ವಾರ ಬೇರೆ ಕೆಲಸಕ್ಕೆ ಘಟ್ಟದ ಮೇಲೆ ಹೋದವರು ಮೂರು ನಾಲ್ಕು ತಿಂಗಳು ಬರಲಿಲ್ಲ.

ಆಟಿ ತಿಂಗಳು ಬಂತು. ಆಚಾರ್ರ ಮನೆತನದಲ್ಲಿ ಆಟಿಯಲ್ಲಿ ಉಳಿ ಮುಟ್ಟುವುದಿಲ್ಲ. ಸಲಕರಣೆಗಳನ್ನು ತೊಳೆದು ಎಣ್ಣೆ ಸವರಿ ಅಟ್ಟಕ್ಕೇರಿಸುತ್ತಾರೆ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆ ಮರದ ತೊಗಟೆ ತೆಗೆಯುವಾಗಲೂ ಕತ್ತಿ ತಾಗಿಸುವುದಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯುವುದು. ಆಚಾರ್ರು ನನ್ನನ್ನು ಕೇಳಿದ್ದು ಇಷ್ಟೇ. "ಪಾದ್ರಿಗಳು ಎಂತ ಹೇಳ್ತಾರೆ ಮಾಷ್ಟ್ರೇ? ಒಂದು ತಿಂಗಳು ಕೆಲಸ ನಿಲ್ಲಿಸುವುದಾ?" ಕ್ರಿಸ್ಮಸ್ಸಿಗೆ ಎರಡೂ ಆಗಲೇಬೇಕಂತೆ ಎಂದು ನಾನು ಹೇಳಿದೆ. ಕೊಟ್ಟ ಮಾತು ಎಂದು ಅವರು ತಲೆಯಾಡಿಸಿದರು. ಅಮಾವಾಸ್ಯೆಯ ದಿನ ಇಡೀ ಊರು ಕಹಿ ಕಷಾಯ ಕುಡಿದು ಮೆಂತೆ ಗಂಜಿ ಉಂಡು ಮನೆಯೊಳಗೆ ಕುಳಿತಿರುವಾಗ ಆ ಉಗ್ರಾಣದಲ್ಲಿ ಮಾತ್ರ ಕಬ್ಬಿಣದ ಸದ್ದು ಕೇಳುತ್ತಿತ್ತು.

ಎರಡು ದಿನ ಕಳೆದು ದೇವಕಿ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದಳು. ಓಲೆಯ ಕೊಡೆಯನ್ನು ಮಡಿಸದೆ, ಅದರ ಮರೆಯಿಂದಲೇ ಮಾತಾಡಿದಳು. "ಪಾದ್ರಿಗಳಿಗೆ ಒಂದು ಕಾಗದ ಬರೀರಿ ಮಾಷ್ಟ್ರೇ. ಆಟಿ ಕಳೆಯುವವರೆಗೆ ಬಿಡ್ಲಿ ಅಂತ. ಇವರು ರಾತ್ರಿ ಕೂತುಕೊಂಡೇ ಇರ್ತಾರೆ, ಮಲಗಿದ್ರೆ ಉಸಿರು ಸಿಕ್ಕುವುದಿಲ್ಲ. ನೀವು ಹೇಳಿದ್ರೆ ಅವರು ಕೇಳ್ತಾರೆ." ಪಾದ್ರಿಗಳು ಹೇಳಿ ಆಗಲೇ ತಿಂಗಳಾಗಿತ್ತು. ಆ ಮಾತು ನನ್ನ ಬಾಯಿಯಲ್ಲೇ ಇತ್ತು. ಅಲ್ಲೇ, ಆ ಗೇಟಿನಲ್ಲೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಈಗ ಹೇಳಿದರೆ ಇಷ್ಟು ದಿನ ಹೇಳದೆ ಇದ್ದದ್ದು ಗೊತ್ತಾಗುತ್ತದಲ್ಲ! ಬರೆಯುತ್ತೇನೆ ಎಂದೆ. ಅವಳು ಕೈಮುಗಿದು ಹೋದಳು.

ಆಟಿ ಕಳೆದು ಸೋಣ ತಿಂಗಳಿನಲ್ಲಿ ಸೀನ ಹಾಸಿಗೆ ಹಿಡಿದ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇದು ಇವತ್ತಿನದಲ್ಲ, ಹತ್ತು ವರ್ಷದ ಹುಡಿ ಒಳಗಿದೆ ಎಂದರು. ಆ ಮಾತನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ನವರಾತ್ರಿಗೆ ಬೋಳಾರಕ್ಕೆ ನೋಡಲು ಹೋದಾಗ ರಸ್ತೆಯಲ್ಲಿ ಹುಲಿವೇಷದವರು ತಾಸೆ ಬಡಿಸಿಕೊಂಡು ಮಂಗಳಾದೇವಿಯ ಕಡೆ ಹೋಗುತ್ತಿದ್ದರು. ಸೀನ ಗೋಡೆಗೆ ಒರಗಿ ಕುಳಿತಿದ್ದ, ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ತಾಸೆಯ ಪೆಟ್ಟಿಗೆ ಸರಿಯಾಗಿ ಬೆರಳಿನಿಂದ ಚಾಪೆ ತಟ್ಟುತ್ತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದ. ಸಿಂಹದ ವಿಷಯವೇ ಮಾತಾಡಿದ. "ಜಡೆ ಎಲ್ಲ ಮುಗಿದಿದೆ ಮಾಷ್ಟ್ರೇ. ಕಾಲಿನ ನಡುವೆ ಮನುಷ್ಯನಿಗೆ ಕಲ್ಲು ಬಿಟ್ಟಿದ್ದೇನೆ. ಯಾರನ್ನು ಮಾಡುವುದು ಅಂತ ಗೊತ್ತಾಗ್ಲಿಲ್ಲ. ಅಪ್ಪನಿಗೆ ಹೇಳಿ." ನಾಲ್ಕನೆಯ ದಿನ ಹೋಗಿಬಿಟ್ಟ.

ಪಾದ್ರಿಗಳು ಸುದ್ದಿ ಕೇಳಿ ಘಟ್ಟದಿಂದ ಇಳಿದು ಬಂದರು. ಹನ್ನೊಂದನೆಯ ದಿನ ನನ್ನನ್ನು ಕಾಯದೆ ಬೋಳಾರಕ್ಕೆ ಹೋಗಿ ಬಂದರಂತೆ. ಜೊತೆಗೆ ಹೋದದ್ದು ಅಡುಗೆಯವ. ಅವನಿಗೆ ಕೊಂಕಣಿಯೂ ತುಳುವೂ ಬರುತ್ತಿತ್ತು. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅದರ ಮರುದಿನವೇ ಆಚಾರ್ರು ಉಗ್ರಾಣಕ್ಕೆ ಬಂದರಂತೆ, ಬಾಗಿಲು ಕಿಟಕಿ ತೆರೆದಿಟ್ಟು ಒಬ್ಬರೇ ಕೆಲಸಕ್ಕೆ ಕುಳಿತರಂತೆ. ಆ ಕಡೆ ಹೋಗಲು ನನಗೆ ಧೈರ್ಯ ಬರಲಿಲ್ಲ.

ಬಲಬದಿಯ ಸಿಂಹವನ್ನು ಕೂರಿಸುವ ದಿನ ಹೋಗದೆ ಉಪಾಯವಿರಲಿಲ್ಲ. ಮಳೆ ಬಿಟ್ಟು ಚಳಿ ಶುರುವಾಗಿತ್ತು. ನಾನು ಹೋಗುವಾಗ ಸಿಂಹವನ್ನು ಕೂರಿಸಿ ಆಗಿತ್ತು, ಮೇಲೆ ಒಂದು ಹಳೆಯ ಪಂಚೆ ಹೊದೆಸಿದ್ದರು. ದೇವಕಿ ದೂರದಲ್ಲಿ ಮಾವಿನ ಮರದ ಕೆಳಗೆ ಗಂಟುಮೂಟೆಯ ಜೊತೆ ಕುಳಿತಿದ್ದಳು, ಆ ದಿನವೇ ಊರಿಗೆ ಹೊರಟಿದ್ದರು. ಪಾದ್ರಿಗಳು ಆಚಾರ್ರ ಹೆಗಲ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. ನನಗೆ ನಿದ್ದೆ ಬರುವುದಿಲ್ಲ ಎಂದು ಇವರಿಗೆ ಹೇಳಿ, ಅಂದರು. ಮಳೆಯ ಮೊದಲಲ್ಲೇ ನಾನು ಕೆಲಸ ಬೇಡವೆಂದು ಹೇಳಿ ಕಳಿಸಿದ್ದೆ, ಒಂದೇ ಸಿಂಹ ಸಾಕು ಎಂದಿದ್ದೆ, ಆದರೂ ಏಕೆ ಮಾಡಿದಿರಿ ಎಂದು ಕೇಳಿ.

ಆಚಾರ್ರು ನನ್ನ ಮುಖವನ್ನೇ ನೋಡುತ್ತಿದ್ದರು.

"ಪಾದ್ರಿಗಳಿಗೆ ತುಂಬ ದುಃಖ ಆಗಿದೆ ಅಂತ ಹೇಳ್ತಾರೆ," ಎಂದೆ.

"ಮತ್ತೆ?"

"ಕೆಲಸ ಲಾಯ್ಕ ಆಗಿದೆ ಅಂತ."

"ಅಷ್ಟೇ ಹೇಳಿದ್ದಾ ಮಾಷ್ಟ್ರೇ?"

"ಅಷ್ಟೇ."

ಆಚಾರ್ರು ಪಾದ್ರಿಗಳ ಕಡೆ ತಿರುಗಿದರು. ಸೀನನಿಗೆ ಪಾದ್ರಿಗಳ ಪುಸ್ತಕ ಎಂದರೆ ಬಹಳ ಇಷ್ಟ ಇತ್ತು, ಅದನ್ನು ಅವರಿಗೆ ತಿಳಿಸಿ ಎಂದರು. ಅದನ್ನು ಸರಿಯಾಗಿ ತಿಳಿಸಿದೆ. ಪಾದ್ರಿಗಳ ಪ್ರಶ್ನೆಗೆ, ಹಿಡಿದ ಕೆಲಸ ಬಿಡುವುದು ಅವರ ಕ್ರಮವಲ್ಲವಂತೆ ಎಂದು ನಾನೇ ಉತ್ತರ ಕಟ್ಟಿದೆ. ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಚಾರ್ರು ಬಗ್ಗಿ ಪಂಚೆ ಎಳೆದರು.

ಸಿಂಹ ಸೀನನದೇ. ಅದೇ ಸುರುಳಿ ಜಡೆ, ಒಂದು ಕಡೆ ಹಲ್ಲು, ಒಂದು ಕಡೆ ನಾಲಗೆ. ಕಣ್ಣು ಬಿಡಿಸಿ ಆಗಿತ್ತು. ಕಾಲುಗಳ ನಡುವಿನ ಮನುಷ್ಯ ಮಾತ್ರ ಆಚಾರ್ರ ಕೈಯದು. ಮೊಣಕಾಲೂರಿ ಕುಳಿತವನು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡವನು. ತಲೆ ದೊಡ್ಡದು, ಕೈ ದೊಡ್ಡದು, ಅಳತೆ ಯಾವುದೂ ಇಲ್ಲ. ಕಿವಿಯ ಮೇಲೆ ಒಂದು ಪೆನ್ಸಿಲು.

ನನ್ನ ಕೈ ತಾನಾಗಿಯೇ ಕಿವಿಗೆ ಹೋಯಿತು. ಹನ್ನೊಂದನೆಯ ದಿನ ಅಡುಗೆಯವನ ಬಾಯಿಂದಲೇ ಆಚಾರ್ರಿಗೆ ಎಲ್ಲ ತಿಳಿದಿತ್ತು ಎಂದು ಆಗ ಗೊತ್ತಾಯಿತು. ಮನುಷ್ಯನ ಕಣ್ಣಿನ ಜಾಗದಲ್ಲಿ ಬರೀ ನುಣುಪಾದ ಎರಡು ಉಬ್ಬುಗಳಿದ್ದವು. ಆಚಾರ್ರ ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಸಿಂಹದ್ದು ಪಾದ್ರಿಗಳು ಹೇಳಿ ಕಳಿಸಿದ್ರು, ಬಿಡಿಸಿದೆ. ಇವನ ಕಣ್ಣು ಬಾಕಿ ಉಂಟು ಮಾಷ್ಟ್ರೇ. ಅದಕ್ಕೆ ನೀವೇ ಹೇಳಿ ಕಳಿಸ್ಬೇಕು. ಯಾವಾಗ ಹೇಳಿದ್ರೂ ನಾನು ಬರ್ತೇನೆ."

ಅವರು ಹೊರಟು ಹೋದರು. ದೇವಕಿ ಒಮ್ಮೆಯೂ ನನ್ನ ಕಡೆ ತಿರುಗಿ ನೋಡಲಿಲ್ಲ. ಇಗರ್ಜಿ ತೆರೆದ ದಿನ ಮದರಾಸಿನ ಅಧಿಕಾರಿ ಬರಲಿಲ್ಲ, ಅವರಿಗೆ ಬೇರೆ ಯಾವುದೋ ಕೆಲಸ ಬಂತಂತೆ. ನಾನು ಬಲ್ಮಠದ ಅದೇ ಶಾಲೆಯಲ್ಲಿ, ಅದೇ ಕುರ್ಚಿಯಲ್ಲಿ ಪೆನ್ಶನ್ ತನಕ ಕುಳಿತೆ. ಪೆನ್ಸಿಲನ್ನು ಮಾತ್ರ ಆಮೇಲೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಪಾದ್ರಿಗಳಿಗೆ ಮರುವರ್ಷವೇ ವರ್ಗವಾಯಿತು. ಆಚಾರ್ರು ಮೂರನೆಯ ಮಳೆಗಾಲದಲ್ಲಿ ತೀರಿಹೋದರೆಂದು ಕಾರ್ಕಳದ ಗಾಡಿಯವನೊಬ್ಬ ಹೇಳಿದ.

ಕಲ್ಲು ಕುಟ್ಟುವವನು ಬಂದು ಹೋದ ಮರುದಿನ ನಾನು ಆ ಗುಡ್ಡ ಹತ್ತಿದೆ. ಎಡಬದಿಯ ಕಳೆಂಜನ ಕೊಡೆಯ ಅಂಚು ಮುರಿದಿದೆ. ಸಿಂಹಗಳ ನೆತ್ತಿ ಜನ ಮುಟ್ಟಿ ಮುಟ್ಟಿ ಹೊಳೆಯುತ್ತಿದೆ. ಬಲಬದಿಯದರ ಮುಂದೆ ಕಷ್ಟಪಟ್ಟು ಮೊಣಕಾಲೂರಿ ಕುಳಿತೆ. ಒಂದು ಕಡೆಯಿಂದ ನೋಡಿದೆ, ಎದ್ದು ಇನ್ನೊಂದು ಕಡೆಯಿಂದಲೂ ನೋಡಿದೆ. ತಿನ್ನುವುದೋ ಕಾಯುವುದೋ ಎಂದು ನನಗೂ ಗೊತ್ತಾಗಲಿಲ್ಲ. ಬೆರಳಿನಿಂದ ಆ ಎರಡು ಉಬ್ಬುಗಳನ್ನು ಮುಟ್ಟಿದೆ. ಮೊನ್ನೆ ಕೆತ್ತಿದ ಹಾಗೆ ನುಣುಪಾಗಿದ್ದವು.

ಆಚಾರ್ರು ಅದಾದ ಮೇಲೆ ಮೂರು ಮಳೆಗಾಲ ಬದುಕಿದ್ದರು. ಕಾರ್ಕಳಕ್ಕೆ ಆಗಲೂ ಟಪ್ಪಾಲು ಹೋಗುತ್ತಿತ್ತು. ಒಂದು ಕಾರ್ಡು ಬರೆದಿದ್ದರೆ ಬರುತ್ತಿದ್ದರು.